ಮುಖವಾಡದ ಕೆಳಗಿನ ನೀಲಿ ಮುಖ

ಸಿಕಂದರಾಬಾದ್
6 ಆಗಸ್ಟ್ 2023

ಸುಮಂಗಲಾಗೆ,

ಈ ತಿಂಗಳ ಪುಟಗಳಲ್ಲಿ ನಿನ್ನ ಪೆನ್ಸಿಲ್ ಗೆರೆಗಳಿಗೆಲ್ಲ ಇಂಕ್ ಹಾಕಿ ಮಲ್ಲಣ್ಣನ ಕೈಲಿ ಕಳಿಸಿದ್ದೇನೆ. ಚೀಟಿಯ ಬದಲು ಉದ್ದನೆಯ ಕಾಗದ ಕಂಡು ಗಾಬರಿಯಾಗಬೇಡ. ನೀನು ಫೋನ್ ಮಾಡಿದ್ದು ಕಂಡಿದೆ, ಬೇಕೆಂದೇ ಎತ್ತಲಿಲ್ಲ. ಫೋನಿನಲ್ಲಿ ನೀನು ನಕ್ಕುಬಿಡುತ್ತೀ, ನಾನೂ ನಗುತ್ತೇನೆ, ನನಗೆ ಸಿಟ್ಟು ಬಂದದ್ದೇ ಮರೆತುಹೋಗುತ್ತದೆ. ಈ ಸಲ ಮರೆಯುವ ಮನಸ್ಸಿಲ್ಲ. ಪತ್ರಿಕೆಯ ಆಫೀಸಿನ ಮಲ್ಲಣ್ಣ ಹೇಗೂ ಪುಟ ಹೊತ್ತು ನಿನ್ನ ಮನೆಗೂ ನನ್ನ ಮನೆಗೂ ಸ್ಕೂಟರ್ ಓಡಿಸುತ್ತಾನೆ, ಜೊತೆಗೆ ಕಾಗದವೂ ಹೋಗಿಬರಲಿ.

ಸಿಟ್ಟು ಯಾಕೆ ಅಂದರೆ, ಜುಲೈ ಸಂಚಿಕೆಯಲ್ಲಿ ನಮ್ಮ ಚಿತ್ರಕಥೆಯ ಮೊದಲ ಪುಟ ತೆಗೆದು ನೋಡು. ‘ಮಿಂಚುಳ್ಳಿ. ಚಿತ್ರ: ಸುಮಂಗಲಾ. ಬಣ್ಣ: ರಶ್ಮಿ.’ ಇಂಕ್ ಹಾಕಿದ ರೇಣುಕಾ ಎಲ್ಲಿ ಹೋದಳೆಂದು ಹುಡುಕಿದೆ. ಕೊನೆಯ ಪುಟದಲ್ಲಿ, ಪ್ರೆಸ್ಸಿನ ವಿಳಾಸದ ಕೆಳಗೆ, ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವ ಅಕ್ಷರದಲ್ಲಿ ಸಿಕ್ಕಿದಳು.

ಮಿಂಚುಳ್ಳಿಯನ್ನು ಹುಟ್ಟಿಸಿದ್ದು ಅಮೀರ್‌ಪೇಟೆಯ ಹಾಸ್ಟೆಲಿನ ಮಾಳಿಗೆಯ ಮೇಲೆ, ನಾವಿಬ್ಬರು. ಆ ನೀಲಿ ರೆಕ್ಕೆ ತಂತಿಯ ಮೇಲೆ ಒಣಗುತ್ತಿದ್ದ ನಿನ್ನ ವೇಲ್, ಆ ಕಿತ್ತಳೆ ಎದೆ ನನ್ನ ಹಳೆಯ ಸ್ವೆಟರ್. ಕೊಕ್ಕಿನ ಮುಖವಾಡದ ಹಿಂದೆ ಇರುವುದು ಗಂಡೋ ಹೆಣ್ಣೋ ಯಾರಿಗೂ ಹೇಳಬಾರದೆಂದು ಇಬ್ಬರೂ ಕೈ ಮೇಲೆ ಕೈಯಿಟ್ಟು ಆಣೆ ಮಾಡಿದ್ದೆವು. ಆಗ ಈ ರಶ್ಮಿ ಯಾವ ಶಾಲೆಯಲ್ಲಿ ಮಗ್ಗಿ ಹೇಳುತ್ತಿದ್ದಳೋ ಏನೋ. ನಿನ್ನೊಡನೆ ರೂಮು ಹಂಚಿಕೊಂಡು, ಕಂಪ್ಯೂಟರಿನಲ್ಲಿ ಬಣ್ಣ ತುಂಬಿ, ನೇರ ಮೊದಲ ಪುಟಕ್ಕೆ ಬಂದು ಕೂತಳು. ನನಗೆ ಹೊಟ್ಟೆಕಿಚ್ಚು ಅಂತ ಅಂದುಕೋ. ಹೌದು, ಹೊಟ್ಟೆಕಿಚ್ಚೇ. ಮುಚ್ಚಿಡಲು ನಾನೇನು ಮುಖವಾಡ ಹಾಕಿಕೊಂಡಿಲ್ಲ.

ಪುಟಗಳ ಬಗ್ಗೆ: ನಮ್ಮ ಖಳನಾಯಕ ಕೆರೆನುಂಗ ದುರ್ಗಂ ಚೆರುವು ಕೆರೆಯನ್ನೇ ಚಾಪೆಯ ಹಾಗೆ ಸುತ್ತಿ ಲಾರಿಗೆ ಏರಿಸುವ ಚಿತ್ರದ ಚೌಕ ಚೆನ್ನಾಗಿ ಬಂದಿದೆ. ಖಾಲಿ ಕೆರೆಯಲ್ಲಿ ಮೀನುಗಳು ಬಾಯಿ ಬಿಡುವಾಗ ಅವನು ಟೈ ಸರಿಮಾಡಿಕೊಳ್ಳುತ್ತ ಪ್ಲಾಟು ಅಳೆಯುವುದನ್ನು ನೋಡಿ ನಮ್ಮ ಮನೆಯವರೂ ನಕ್ಕರು. ಮಿಂಚುಳ್ಳಿ ಕೇಬಲ್ ಸೇತುವೆಯಿಂದ ಆ ಲಾರಿಯ ಮೇಲೆ ಧುಮುಕುವ ಚೌಕಕ್ಕೆ ನಾನು ಇಡೀ ದಿನ ಕೊಟ್ಟಿದ್ದೇನೆ.

ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಇದೆ. ಸಿಟ್ಟು ಬೇರೆ, ಹೋಳಿಗೆ ಬೇರೆ. ಡಬ್ಬಿ ವಾಪಸ್ ಕಳಿಸು.

ಕೊನೆಯ ಪುಟದಲ್ಲಿ ಸಿಗುವ,
ರೇಣುಕಾ


ಮಾದಾಪುರ
19 ಆಗಸ್ಟ್ 2023

ರೇಣು,

ಹೆಸರು ಬಿಟ್ಟುಹೋದದ್ದು ಪುಟ ಜೋಡಿಸುವವರ ಎಡವಟ್ಟು. ಗೋಪಿನಾಥ ಸಾರ್‌ಗೆ ಫೋನ್ ಮಾಡಿ ಜಗಳವಾಡಿದ್ದೇನೆ. ಪತ್ರಿಕೆ ಅವರದು, ಕಥೆ ಬರೆಯುವವರೂ ಅವರೇ, ಹಾಗಾಗಿ ಮಿಕ್ಕವರೆಲ್ಲ ಅವರ ಕಣ್ಣಿಗೆ ಕೂಲಿಯವರೇ. ಮುಂದಿನ ಸಂಚಿಕೆಯಿಂದ ನಿನ್ನ ಹೆಸರು ಮೊದಲ ಪುಟದಲ್ಲಿರುತ್ತದೆ.

ಹೋಳಿಗೆ ರಶ್ಮಿಗೆ ತುಂಬ ಹಿಡಿಸಿತು. ಅವಳು ರಾಯಚೂರಿನವಳು, ಇಲ್ಲಿಗೆ ಬಂದ ಮೇಲೆ ಇಂಥದ್ದು ತಿಂದೇ ಇರಲಿಲ್ಲವಂತೆ. ನಾನು ಹಗಲಿನ ಕೆಲಸದಿಂದ ಬರುವಷ್ಟರಲ್ಲಿ ನನಗೆ ಒಂದೇ ಒಂದು ಉಳಿದಿತ್ತು. ಡಬ್ಬಿಯಲ್ಲಿ ಅವಳು ಊಟ ಒಯ್ಯುತ್ತಿದ್ದಾಳೆ, ಮುಂದಿನ ಸಲ ಕಳಿಸುತ್ತೇನೆ.

ನೀನು ಕೇಳಿದ್ದಕ್ಕೆ ಹೇಳಿದೆ, ನಾನೂ ಒಂದು ಕೇಳಲೇ? ಲಾರಿಯ ಮೇಲೆ ಧುಮುಕುವ ಚೌಕದಲ್ಲಿ ಮಿಂಚುಳ್ಳಿಯ ಎಡಗೈ ಬಲಗೈಗಿಂತ ಉದ್ದವಾಗಿದೆ. ತಪ್ಪು ನನ್ನ ಪೆನ್ಸಿಲಿನದೇ, ಒಪ್ಪಿದೆ. ಆದರೆ ಮೊದಲೆಲ್ಲ ನೀನು ಅದನ್ನು ಹಿಡಿಯುತ್ತಿದ್ದೆ. ಕಲಬುರಗಿಯಲ್ಲಿ ಅಮೃತಪ್ಪ ಮಾಸ್ತರರು ಕಲಿಸಿದ್ದು ಬಿಟ್ಟುಬಿಟ್ಟೆಯಾ? ಹಾಳೆಯನ್ನು ತಿರುವಿ, ಕಿಟಕಿಯ ಬೆಳಕಿಗೆ ಹಿಡಿದು, ಬೆನ್ನ ಕಡೆಯಿಂದ ನೋಡಬೇಕು. ಎಡ ಬಲ ಅದಲುಬದಲಾದಾಗ ನಾವು ಕಾಣದ್ದೆಲ್ಲ ಎದ್ದು ಕಾಣುತ್ತದೆ. ನಿಮ್ಮ ಮುಂದಿನ ಕೋಣೆಯಲ್ಲಿ ನಾವು ಅಕ್ಕಪಕ್ಕ ಕೂತು ಕೆಲಸ ಮಾಡುತ್ತಿದ್ದಾಗ ನೀನು ಪ್ರತಿ ಹಾಳೆಯನ್ನೂ ಹಾಗೆ ಹಿಡಿದು ನನ್ನ ಮಾನ ತೆಗೆಯುತ್ತಿದ್ದೆ. ಅದು ಇಲ್ಲದೆ ನನಗೆ ಧೈರ್ಯವಿಲ್ಲ.

ಒಮ್ಮೆ ಬಾ ಇಲ್ಲಿಗೆ. ಒಂದೇ ಮೆಟ್ರೋ, ನಡುವೆ ಇಳಿದು ಹತ್ತುವ ಗೋಜೂ ಇಲ್ಲ. ನಾನು ಇಲ್ಲಿಗೆ ಬಂದು ಎರಡು ವರ್ಷವಾಯಿತು, ನೀನು ಈ ರೂಮು ನೋಡಿಲ್ಲ.

ಕೈ ಸಣ್ಣದು ದೊಡ್ಡದು ಮಾಡುವ,
ಸುಮಿ


ಸಿಕಂದರಾಬಾದ್
10 ಸೆಪ್ಟೆಂಬರ್ 2023

ಸುಮಂಗಲಾ,

ನನ್ನ ಡಬ್ಬಿಯಲ್ಲಿ ಅವಳು ಊಟ ಒಯ್ಯುತ್ತಾಳೆ. ಓದಿ ಸಂತೋಷವಾಯಿತು. ಸೀರೆ ಗೀರೆ ಬೇಕಿದ್ದರೂ ಹೇಳು, ಕಳಿಸುತ್ತೇನೆ.

ಹಾಳೆ ತಿರುವಿ ನೋಡುವ ಕೆಲಸ ನಾನು ಬಿಟ್ಟಿರುವುದು ನಿಜ. ಕೊನೆಯ ಪುಟದವರು ಮೊದಲ ಪುಟದವರ ತಪ್ಪು ಹಿಡಿಯಬಾರದು. ನೀನು ಎಳೆದ ಗೆರೆಯ ಮೇಲೆ ಕಪ್ಪು ಎಳೆಯುತ್ತೇನೆ, ಅಷ್ಟಕ್ಕೇ ನನ್ನ ಸಂಬಳ. ಬೆಳಕಿಗೆ ಹಿಡಿಯಲು ನಿನ್ನ ಮನೆಯಲ್ಲೇ ಒಬ್ಬಳಿದ್ದಾಳಲ್ಲ. ನೀನು ಬಾ ಅಂತ ಕರೆದಿದ್ದೀ. ಮೆಟ್ರೋ ಆ ಕಡೆಯಿಂದ ಈ ಕಡೆಗೂ ಬರುತ್ತದೆ.

ಈಗ ನಿಜವಾದ ವಿಷಯ. ಈ ತಿಂಗಳ ಪುಟಕ್ಕೆ ಬ್ರಷ್ ಅದ್ದಿಕೊಂಡು ಕೂತಿದ್ದೆ. ನಮ್ಮ ಮನೆಯವರು ಚಹಾ ತಂದಿಟ್ಟು ಹಿಂದಿನಿಂದ ಬಗ್ಗಿ ನೋಡಿದರು. ಕಾಶಿನಾಥರಿಗೆ ಗೊತ್ತಿರುವುದು ಜನರಲ್ ಬಜಾರಿನ ಬಟ್ಟೆಯ ಥಾನು ಮಾತ್ರ, ಆದರೂ ಪ್ರಶ್ನೆ ಕೇಳುವುದರಲ್ಲಿ ಹಿಂದಿಲ್ಲ. ಮುಖವಾಡದ ಕೆಳಗೆ ನೀಲಿಯಲ್ಲಿ ಏನದು ಅಂದರು. ನಾನು ಬಿಡಿಸಿ ಹೇಳಿದೆ: ಸುಮಿ ಮೊದಲು ನೀಲಿ ಪೆನ್ಸಿಲಿನಲ್ಲಿ ತಲೆ ಬರೆಯುತ್ತಾಳೆ, ಅದರ ಮೇಲೆ ಮುಖವಾಡ ತೊಡಿಸುತ್ತಾಳೆ, ನಾನು ಬೇಕಾದ ಗೆರೆಗೆ ಮಾತ್ರ ಕಪ್ಪು ಹಾಕುತ್ತೇನೆ, ಸ್ಕ್ಯಾನರಿಗೆ ಕಪ್ಪು ಮಾತ್ರ ಕಾಣುತ್ತದೆ, ನೀಲಿ ಬಿಟ್ಟುಹೋಗುತ್ತದೆ, ಅಚ್ಚಿನಲ್ಲಿ ಇರುವುದೇ ಇಲ್ಲ. ಅವರು ತಲೆ ಕೆರೆದುಕೊಂಡರು.

“ಅಂದ್ರ ಈ ಮಾರಿ ಬರದಾಕಿಗಿ ಒಂದು, ನಿನಗ ಒಂದು, ಇಬ್ಬರಿಗೇ ಕಾಣ್ತೈತಿ. ಯಾರದಿದು? ನಾ ಈಕಿನ್ನ ಎಲ್ಲೋ ನೋಡೀನಿ.”

ಆಗಲೇ ನಾನು ಸರಿಯಾಗಿ ನೋಡಿದ್ದು. ಮೊದಲು ನೀನು ಅಲ್ಲಿ ಒಂದು ಮೊಟ್ಟೆ, ಮೇಲೊಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆದು ಬಿಡುತ್ತಿದ್ದೆ. ಈಗ ಕಣ್ಣು, ಮೂಗು, ತುಟಿ, ಕೊನೆಗೆ ಕಿವಿಯ ಓಲೆ. ಉಗುರಿನಷ್ಟು ಚಿಕ್ಕ ತಲೆಯಲ್ಲೂ ಬಿಡದೆ ಬರೆದಿದ್ದೀ. ಯಾರಿಗೂ ಕಾಣದ ಜಾಗದಲ್ಲಿ, ಇಷ್ಟು ಆಸ್ಥೆಯಿಂದ, ಒಬ್ಬ ಹುಡುಗಿಯ ಮುಖ. ಯಾವಾಗಿನಿಂದ ಶುರು ಮಾಡಿದ್ದೀಯೋ ಗೊತ್ತಿಲ್ಲ, ನನ್ನ ಕಣ್ಣಿಗೆ ಬಿದ್ದದ್ದು ಈಗ.

ಹಾಗಾದರೆ ಇವಳೇ ನಿನ್ನ ರಶ್ಮಿ. ಮೊದಲ ಪುಟ ಸಾಲದೆಂದು ಮಿಂಚುಳ್ಳಿಯ ಒಳಗೂ ಹೊಕ್ಕಳು. ಹೇಳಿದರೆ ಸಿಟ್ಟಾಗಬೇಡ, ನಾನು ಏನೋ ಎಂಥ ಸುಂದರಿಯೋ ಅಂದುಕೊಂಡಿದ್ದೆ. ಮೂಗು ಒಂದು ಪಕ್ಕಕ್ಕೆ ವಾಲಿದೆ. ಒಂದು ಕಣ್ಣು ಇನ್ನೊಂದಕ್ಕಿಂತ ಸಣ್ಣದು. ಮೇಲ್ತುಟಿ ಒಂದೇ ಕಡೆ ಎದ್ದುಕೊಂಡಿದೆ, ಯಾರನ್ನೋ ಸದಾ ಹಂಗಿಸುವವರ ಹಾಗೆ. ಅಮೃತಪ್ಪ ಮಾಸ್ತರರು ಇದ್ದಿದ್ದರೆ ಈ ಮುಖವನ್ನು ಅಳಿಸಿ ಬರೆ ಅನ್ನುತ್ತಿದ್ದರು. ಇನ್ನು ನಮ್ಮ ಮನೆಯವರು ಇವಳನ್ನು ಎಲ್ಲಿ ನೋಡಿದರೋ, ಎರಡು ದಿನದಿಂದ ವಿಚಾರಣೆ ನಡೆಸಿದ್ದೇನೆ, ನೆನಪಾಗುತ್ತಿಲ್ಲವಂತೆ.

ಇಂಕ್ ಹಾಕಿದ್ದೇನೆ. ಮುಖವಾಡದ ಗೆರೆಯನ್ನು ಈ ಸಲ ಸ್ವಲ್ಪ ದಪ್ಪವಾಗಿಯೇ ಎಳೆದಿದ್ದೇನೆ.

ಡಬ್ಬಿಗೆ ಕಾಯುತ್ತಿರುವ,
ರೇಣುಕಾ


ಮಾದಾಪುರ
24 ಸೆಪ್ಟೆಂಬರ್ 2023

ರೇಣುಕಾ,

ಅದು ರಶ್ಮಿ ಅಲ್ಲ.

ನಿನ್ನ ಕಾಗದ ಓದಿ ಮೊದಲು ನಕ್ಕೆ. ಮತ್ತೆ ಓದಿದೆ, ನಗು ಬರಲಿಲ್ಲ. ಮೂಗು, ಕಣ್ಣು, ತುಟಿ ಅಂತ ಪಟ್ಟಿ ಮಾಡಿದ್ದೀಯಲ್ಲ, ನನಗೆ ಆ ಮುಖದಲ್ಲಿ ಇಷ್ಟವಾದದ್ದೇ ಅವು. ಯಾರೆಂದು ನಾನು ಹೇಳುವುದಿಲ್ಲ. ಬಾಯಿಬಿಟ್ಟು ಹೇಳಿಸಿಕೊಂಡು ತಿಳಿಯುವುದಾದರೆ ನೀನು ತಿಳಿಯದಿರುವುದೇ ವಾಸಿ.

ಡಬ್ಬಿ ಕಳಿಸಿದ್ದೇನೆ.

ಸುಮಂಗಲಾ


ಸಿಕಂದರಾಬಾದ್
20 ಅಕ್ಟೋಬರ್ 2023

ಸುಮಂಗಲಾ,

ಡಬ್ಬಿ ಬಂತು, ಖಾಲಿ. ನಮ್ಮ ಕಡೆ ಖಾಲಿ ಡಬ್ಬಿ ವಾಪಸ್ ಕೊಡುವುದಿಲ್ಲ, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತಾರೆ ಎಂಬುದು ನಿನಗೆ ಗೊತ್ತಿರುವ ವಿಷಯ. ಮಾದಾಪುರದಲ್ಲಿ ಸಕ್ಕರೆ ಸಿಗುವುದಿಲ್ಲವೇನೋ.

ರಶ್ಮಿ ಅಲ್ಲ ಅಂತ ಒಂದು ಸಾಲು ಬರೆದು ಬಿಟ್ಟೆ. ನಾನು ನಂಬಿಬಿಡಬೇಕು. ಮಲ್ಲಣ್ಣನನ್ನು ಕೂರಿಸಿ ಚಹಾ ಕೊಟ್ಟು, ಆ ಹುಡುಗಿ ನೋಡಲು ಹೇಗಿದ್ದಾಳೆ ಅಂತ ಕೇಳಿದೆ. “ಭಾಳ ಚೆಂದ ಅದಾಳ್ರಿ ಅಕ್ಕಾರ, ಹೋದಾಗೊಮ್ಮೆ ನೀರು ಕೊಡ್ತಾಳ್ರಿ” ಅಂದ. ಮೂಗು ಹೇಗಿದೆ ಅಂದರೆ ಮೂಗಿನ ಹಾಗೇ ಇದೆ ಅನ್ನುತ್ತಾನೆ. ಗಂಡಸರಿಂದ ಒಂದು ಮುಖ ತಿಳಿದುಕೊಳ್ಳುವುದು ಸಾಧ್ಯವಿಲ್ಲ.

ಈ ತಿಂಗಳ ಪುಟಗಳನ್ನು ನೋಡು. ಕೆರೆನುಂಗನ ಹೊಸ ಸಂಚು ನನಗೆ ಬಹಳ ಹಿಡಿಸಿತು. ಹುಸೇನ್ ಸಾಗರದ ತಳಕ್ಕೆ ಬಿರಡೆ ಇದೆಯೆಂದು ಕಂಡುಹಿಡಿದು, ಊರಿನವರೆಲ್ಲ ಗಣಪತಿ ಮುಳುಗಿಸುವ ಗದ್ದಲದಲ್ಲಿರುವಾಗ ಅದನ್ನು ಕಿತ್ತು ನೀರೆಲ್ಲ ಬಸಿಯುವುದು. ಅವನ ಕೋಟಿನ ಮಡಿಕೆ ಮಡಿಕೆಗೂ ನಾನು ಹೊಸ ಬ್ರಷ್ ಬಳಸಿದ್ದೇನೆ. ಅವನ ಕಣ್ಣಿನಲ್ಲಿ ಒಂದು ಚುಕ್ಕೆ ಬೆಳಕು ಬಿಟ್ಟಿದ್ದೇನೆ, ನೋಡಿದರೆ ಪಾಪ ಅನ್ನಿಸುತ್ತದೆ. ಮಿಂಚುಳ್ಳಿಗೂ ಇಂಕ್ ಹಾಕಿದ್ದೇನೆ. ನೀನು ಎಳೆದಷ್ಟು, ಎಳೆದ ಹಾಗೆ. ಆ ಮುಖವಾಡದ ಹತ್ತಿರ ಬಂದಾಗ ಬೇಗ ಬೇಗ ಬ್ರಷ್ ಎಳೆದು ಮುಂದಿನ ಚೌಕಕ್ಕೆ ಹೋಗಿದ್ದೇನೆ.

ಹೇಳುವುದು ಮರೆತೆ, ನನಗೆ ಕನ್ನಡಕ ಬಂದಿದೆ. ಬಂದು ವರ್ಷವಾಯಿತು. ದಪ್ಪ ಕಪ್ಪು ಚೌಕಟ್ಟು. ತೂಕವೂ ಬಂದಿದೆ. ನಿನಗೆ ಇದೆಲ್ಲ ಕಾಗದದಲ್ಲಿ ಬರೆದು ತಿಳಿಸಬೇಕಾಗಿದೆ ಅನ್ನುವುದೇ ನನಗೆ ಕಿರಿಕಿರಿ.

ರೇಣುಕಾ


ಮಾದಾಪುರ
15 ನವೆಂಬರ್ 2023

ರೇಣು,

ನಿನಗೆ ಕನ್ನಡಕ. ಕಣ್ಣು ಮುಚ್ಚಿ ಊಹಿಸಲು ನೋಡಿದೆ, ಆಗಲಿಲ್ಲ.

ನೀನು ಗೆದ್ದೆ. ಗೋಪಿನಾಥ ಸಾರ್ ನನ್ನನ್ನು ಪತ್ರಿಕೆಯ ಆಫೀಸಿಗೆ ಕರೆಸಿ ಮಕ್ಕಳ ಕಾಗದಗಳನ್ನು ಮುಂದಿಟ್ಟರು. ಪತ್ರಿಕೆಯ ಮೂರೂ ಆವೃತ್ತಿಯವರು, ತೆಲುಗಿನವರು, ಕನ್ನಡದವರು, ಹಿಂದಿಯವರು, ಎಲ್ಲರಿಗೂ ಕೆರೆನುಂಗ ಬೇಕಂತೆ. ಅವನ ಕೋಟು ಬೇಕು, ಅವನ ಕಣ್ಣು ಬೇಕು. ವಾರಂಗಲ್ಲಿನ ಒಬ್ಬ ಹುಡುಗ, ಮಿಂಚುಳ್ಳಿ ಸತ್ತರೂ ಪರವಾಗಿಲ್ಲ ಅಂಕಲ್, ಕೆರೆನುಂಗ ಸಾಯಬಾರದು ಅಂತ ಬರೆದಿದ್ದಾನೆ. ನೀನು ಬೇಕೆಂದೇ ಮಾಡಿದ್ದೀ ಅಂತ ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಒಬ್ಬ ಕಳ್ಳನಿಗೆ ಕಣ್ಣಲ್ಲಿ ಒಂದು ಚುಕ್ಕೆ ಇಟ್ಟು ಇಷ್ಟು ಮಕ್ಕಳ ಮನಸ್ಸು ತಿರುಗಿಸಿಬಿಟ್ಟೆ. ನನ್ನ ಪೆನ್ಸಿಲಿನಲ್ಲಿ ಆ ಕಣ್ಣು ಖಾಲಿ ಗುಂಡಿಯಾಗಿತ್ತು.

ನಿನಗೆ ಹೊಟ್ಟೆಕಿಚ್ಚು ಅಂತ ಎಷ್ಟು ಸಲೀಸಾಗಿ ಬರೆಯುತ್ತೀ. ನನ್ನದನ್ನೂ ಕೇಳು. ಕಾಲೇಜಿನಿಂದ ಇಲ್ಲಿಯವರೆಗೆ ನಾನು ಬರೆದದ್ದು ನೀನು ಮುಟ್ಟಿದ ಮೇಲೆಯೇ ಜೀವ ಬಂದು ಎದ್ದಿದೆ. ಜನ ನನ್ನನ್ನು ಹೊಗಳಿದಾಗಲೆಲ್ಲ ನಾನು ಬಿಗುಮಾನದಿಂದ ನಕ್ಕು ಮನೆಗೆ ಬಂದು ಹಲ್ಲು ಕಡಿದಿದ್ದೇನೆ. ಇನ್ನೂ ಒಂದಿದೆ. ಮೊದಲು ಬಿಟ್ಟು ಹೋದವಳು ನೀನು. ಅಮೀರ್‌ಪೇಟೆಯ ರೂಮಿನಿಂದ ಒಂದು ಟ್ರಂಕು ಎತ್ತಿಕೊಂಡು ನೀನು ಕಾಶಿನಾಥರ ಮನೆಗೆ ಹೋದೆ, ನಾನು ನಿನ್ನ ಖಾಲಿ ಮಂಚದ ಎದುರು ಉಳಿದೆ. ಆಮೇಲೆ ದಿನಾ ನಿಮ್ಮ ಮುಂದಿನ ಕೋಣೆಗೆ ಬಂದು ಕೂರುತ್ತಿದ್ದೆ, ಅವರು ಚಹಾ ತಂದಿಡುತ್ತಿದ್ದರು, ನೀನು ಅವರ ಕೈಯಿಂದ ಲೋಟ ತೆಗೆದುಕೊಳ್ಳುವುದನ್ನು ನೋಡಿದಾಗ ನಾನು ಬೇರೆಯವರ ಮನೆಯಲ್ಲಿದ್ದೇನೆ ಅನ್ನಿಸುತ್ತಿತ್ತು. ಈ ಹಗಲಿನ ಕೆಲಸ ಹಿಡಿದು ಮಾದಾಪುರಕ್ಕೆ ಬಂದದ್ದು ಅದಕ್ಕೇ. ಬಾಡಿಗೆ, ಆಫೀಸು ಹತ್ತಿರ ಅಂತೆಲ್ಲ ಆಗ ಹೇಳಿದ್ದು ನೆಪ.

ಈಗ ಪತ್ರಿಕೆಯ ಸುದ್ದಿ. ಮಿಂಚುಳ್ಳಿಯನ್ನು ಉಳಿಸಲು ಗೋಪಿನಾಥ ಸಾರ್ ಒಂದು ಉಪಾಯ ಮಾಡಿದ್ದಾರೆ. ಫೆಬ್ರವರಿಯ ವಾರ್ಷಿಕ ಸಂಚಿಕೆಯಲ್ಲಿ ಮುಖವಾಡ ತೆಗೆಸುತ್ತಾರೆ. ಕೆರೆನುಂಗ ಬತ್ತಿದ ಕೆರೆಯ ನಡುವೆ ಮಿಂಚುಳ್ಳಿಯನ್ನು ಕಟ್ಟಿಹಾಕಿ ಕೊಕ್ಕಿಗೆ ಕೈ ಹಾಕುತ್ತಾನೆ, ಕೊನೆಯ ಪುಟ ಪೂರ್ತಿ ಒಂದೇ ಮುಖ. ನಮ್ಮ ಆಣೆಯ ಬಗ್ಗೆ ಹೇಳಿದೆ, ಕೇಳಲಿಲ್ಲ. ಯಾರ ಮುಖ ಬೇಕಾದರೂ ಬರೆ, ಹೆಣ್ಣಾದರೆ ಇನ್ನೂ ಒಳ್ಳೆಯದು, ಮಕ್ಕಳು ಬೆಚ್ಚಿಬೀಳಲಿ ಅಂದರು. ನಾನು ಬರೆಯುವ ಮುಖ ಯಾವುದೆಂದು ನಿನಗೆ ಗೊತ್ತು. ಇಲ್ಲಿಗೆ ಬಂದಂದಿನಿಂದ ಅದನ್ನೇ ಬರೆಯುತ್ತಿದ್ದೇನೆ.

ಖಾಲಿ ಡಬ್ಬಿಯ ಬಗ್ಗೆ ಬೈದದ್ದು ಸರಿ. ಅದನ್ನು ಮತ್ತೆ ಕಳಿಸು, ಸರಿ ಮಾಡುತ್ತೇನೆ.

ಸುಮಿ


ಸಿಕಂದರಾಬಾದ್
2 ಡಿಸೆಂಬರ್ 2023

ಸುಮಂಗಲಾ,

ನಿನ್ನ ಕಾಗದದ ಮೊದಲ ಅರ್ಧ ಓದಿ ಕಣ್ಣಲ್ಲಿ ನೀರು ಬಂತು. ಚಹಾ ಲೋಟದ ಸಂಗತಿ ನನಗೆ ಗೊತ್ತೇ ಇರಲಿಲ್ಲ. ಫೋನ್ ಕೈಗೆತ್ತಿಕೊಂಡಿದ್ದೆ. ಅಷ್ಟರಲ್ಲಿ ಉಳಿದ ಅರ್ಧ ಓದಿದೆ, ಕೆಳಗಿಟ್ಟೆ.

ಇಲ್ಲಿಯವರೆಗೆ ಆ ಹುಡುಗಿ ನೀಲಿಯಲ್ಲಿದ್ದಳು. ನನ್ನ ಕಣ್ಣನ್ನಷ್ಟೇ ಚುಚ್ಚುತ್ತಿದ್ದಳು, ಸಹಿಸಿದೆ. ಈಗ ನಾನೇ ಅವಳಿಗೆ ಕಪ್ಪು ಹಾಕಿ ಊರಿಗೆಲ್ಲ ತೋರಿಸಬೇಕು. ನನ್ನ ಸ್ವೆಟರ್ ತೊಟ್ಟ, ನನ್ನ ಜೊತೆ ಹುಟ್ಟಿದ ಮಿಂಚುಳ್ಳಿ ಅವಳಾಗಿಬಿಡಬೇಕು. ಮೂರು ಭಾಷೆಯ ಮಕ್ಕಳು ಆ ಸೊಟ್ಟ ಮೂಗನ್ನು ನೋಡಿ, ಓಹೋ, ಇವಳೇ ನಮ್ಮನ್ನು ಕಾಪಾಡಿದವಳು ಅನ್ನಬೇಕು. ಅದು ನನ್ನ ಕೈಯಿಂದ ಆಗುವುದಿಲ್ಲ.

ಗೋಪಿನಾಥ ಸಾರ್‌ಗೆ ಹೇಳಿದ್ದೇನೆ. ಬೇರೆ ಮುಖವಾದರೆ ಹಾಕುತ್ತೇನೆ, ಇದೇ ಮುಖವಾದರೆ ಆ ಪುಟವೂ ಬೇಡ, ಮುಂದಿನ ಯಾವ ಪುಟವೂ ಬೇಡ. ಅವರಿಗೇನೂ ಕಷ್ಟವಿಲ್ಲ. ಹೊಸದಾಗಿ ಸೇರಿದ ತರುಣ ಕಂಪ್ಯೂಟರಿನಲ್ಲೇ ಇಂಕ್ ಹಾಕುತ್ತಾನಂತೆ, ಬ್ರಷ್ ತೊಳೆಯುವ ತಾಪತ್ರಯವೂ ಇಲ್ಲವಂತೆ. ಸಂಕ್ರಾಂತಿಯವರೆಗೆ ಟೈಮು ಕೊಟ್ಟಿದ್ದಾರೆ.

ಆ ಮುಖ ಅಥವಾ ನಾನು. ಯಾರು ಬೇಕೋ ನೋಡಿಕೋ.

ರೇಣುಕಾ


ಮಾದಾಪುರ
4 ಜನವರಿ 2024

ರೇಣು,

ಕೊನೆಯ ಪುಟ ಕಳಿಸಿದ್ದೇನೆ. ಮುಖ ಅದೇ. ಬೇರೆ ಬರೆಯಲು ಕೂತೆ, ಕೈ ಒಪ್ಪಲಿಲ್ಲ.

ರಶ್ಮಿ ಹೋದ ವಾರ ಕೆಲಸ ಬದಲಿಸಿ ಪುಣೆಗೆ ಹೋದಳು. ಇದನ್ನು ನಿನ್ನನ್ನು ಸಮಾಧಾನ ಮಾಡಲು ಬರೆಯುತ್ತಿಲ್ಲ, ಸುದ್ದಿ ಅಷ್ಟೇ.

ನೀನು ಇಂಕ್ ಹಾಕು, ಇಲ್ಲವೇ ಹರಿದು ಹಾಕು. ಎರಡೂ ನಿನ್ನ ಹಕ್ಕು. ತರುಣನ ಕೈಗೆ ಮಾತ್ರ ಕೊಡಬೇಡ. ಆ ಮುಖವನ್ನು ಗೊತ್ತಿಲ್ಲದವರು ಮುಟ್ಟುವುದು ನನಗೆ ಬೇಡ.

ಸುಮಿ


ಸಿಕಂದರಾಬಾದ್
15 ಜನವರಿ 2024

ಸುಮೀ,

ನಿನ್ನೆ ಪುಟವನ್ನು ಹರಿಯಬೇಕೆಂದೇ ತೆಗೆದಿದ್ದೆ. ಹರಿಯುವ ಮೊದಲು ಆ ಹುಡುಗಿಯ ಸೊಟ್ಟಗಳನ್ನೆಲ್ಲ ಗುರುತು ಹಾಕಿ, ನೋಡಿ ಸಾರ್, ಇಂಥ ಮುಖಕ್ಕೆ ಇಂಕ್ ಹಾಕೆಂದು ನನಗೆ ಹೇಳಿದಿರಿ ಅಂತ ಗೋಪಿನಾಥರ ಮುಂದೆ ಇಡುವ ಆಸೆಯಾಯಿತು. ತಪ್ಪು ಹುಡುಕಲು ಮಾಸ್ತರರು ಕಲಿಸಿದ ದಾರಿ ಒಂದೇ. ಕಿಟಕಿಯಲ್ಲಿ ಬಿಸಿಲು ಚೆನ್ನಾಗಿತ್ತು, ಆಚೆ ಹುಡುಗರು ಗಾಳಿಪಟ ಹಾರಿಸುತ್ತ ಕೂಗುತ್ತಿದ್ದರು. ಹಾಳೆ ತಿರುವಿ ಗಾಜಿಗೆ ಒತ್ತಿ ಹಿಡಿದೆ.

ನಾನು ದಿನಾ ಬೆಳಿಗ್ಗೆ ಕುಂಕುಮ ಇಟ್ಟುಕೊಳ್ಳುವಾಗ ಕನ್ನಡಿಯಲ್ಲಿ ಕಾಣುವ ಮುಖ ಹಾಳೆಯ ಬೆನ್ನ ಮೇಲಿತ್ತು.

ತಿರುಗಿಸಿದೆ, ಯಾವಳೋ ಹುಡುಗಿ. ಮತ್ತೆ ಬೆಳಕಿಗೆ ಹಿಡಿದೆ, ನಾನು. ನನ್ನ ಮುಖ ನನಗೆ ಗೊತ್ತಿರುವುದು ಕನ್ನಡಿಯಲ್ಲಿ, ಎಡ ಬಲ ಅದಲುಬದಲಾಗಿ. ಎದುರು ಕೂತವರಿಗೆ ಕಾಣುವ ನಾನು ನನಗೆ ಗೊತ್ತೇ ಇಲ್ಲ. ಫೋಟೋ ತೆಗೆಯುತ್ತಾರೆ ಅಂದರೆ ನಾನು ಅಡುಗೆಮನೆ ಹೊಕ್ಕುವವಳು, ನಿನಗೆ ಗೊತ್ತಲ್ಲ. ಆ ಓಲೆ ಕೂಡ ನನ್ನದೇ, ಮದುವೆಗೆ ಮೊದಲು ಹಾಕಿಕೊಳ್ಳುತ್ತಿದ್ದದ್ದು, ನಾನೇ ಮರೆತಿದ್ದೆ. ಮೊದಲಿನ ಹಾಗೆ ಪ್ರತಿ ಹಾಳೆಯನ್ನೂ ತಿರುವಿ ನೋಡುತ್ತಿದ್ದರೆ ಎಂದೋ ಗೊತ್ತಾಗುತ್ತಿತ್ತು. ಸಿಟ್ಟಿನಲ್ಲಿ ಅದನ್ನು ಬಿಟ್ಟೆ.

ಮನೆಯವರನ್ನು ಕರೆದು ತೋರಿಸಿದೆ. ಹಾಳೆಯನ್ನು ದೂರ ಹಿಡಿದು ನೋಡಿದರು. “ನಾ ಹೇಳಿದ್ನಲ್ಲ ಎಲ್ಲೋ ನೋಡೀನಿ ಅಂತ. ಕನ್ಯಾ ನೋಡಾಕ ಬಂದಾಗ ಹಿಂಗ ಕುಂತಿದ್ದಿ, ತುಟಿ ಒಂದು ಕಡೆ ಎತ್ತಿ” ಅಂದು ಅಂಗಡಿಗೆ ಹೋದರು. ಅವರನ್ನು ನಾನು ಎಷ್ಟು ಗೋಳು ಹೊಯ್ದುಕೊಂಡಿದ್ದೆ ಅಂತ ನೆನಪಾಗಿ ನಗುವೂ ಬಂತು, ಅಳುವೂ ಬಂತು. ನಿನಗೆ ಬರೆದ ಮಾತುಗಳು ಒಂದೊಂದೇ ನೆನಪಾದವು. ಅಳಿಸಿ ಬರೆ ಅಂದಿದ್ದೆನಲ್ಲ. ರಶ್ಮಿಗೂ ಅನ್ಯಾಯ ಮಾಡಿದೆ, ಪಾಪ, ನಾಲ್ಕು ಹೋಳಿಗೆ ತಿಂದದ್ದಕ್ಕೆ.

ನಾಚಿಕೆ ಮಧ್ಯಾಹ್ನದವರೆಗೆ ಇತ್ತು. ಊಟವಾದ ಮೇಲೆ ಬ್ರಷ್ ಹಿಡಿದು ಕೂತೆ, ಆ ಮುಖವನ್ನು ನೋಡುತ್ತ ನೋಡುತ್ತ ಹೊಟ್ಟೆ ಮತ್ತೆ ಉರಿಯತೊಡಗಿತು. ರಶ್ಮಿಯ ಮೇಲಲ್ಲ, ಇವಳ ಮೇಲೆ. ಈ ಓಲೆಯ ಹುಡುಗಿಯ ಮೇಲೆ. ಎರಡು ವರ್ಷದಿಂದ ನೀನು ಇವಳ ಜೊತೆ ಕೂತಿದ್ದೀ, ಇವಳ ಮೂಗು ತಿದ್ದಿದ್ದೀ, ಮುಖವಾಡ ಹೊದಿಸಿ ಯಾರಿಗೂ ಕಾಣದ ಹಾಗೆ ಜೋಪಾನ ಮಾಡಿದ್ದೀ. ನಾನು ಒಂದು ಮೆಟ್ರೋ ದೂರದಲ್ಲಿ ಕನ್ನಡಕ ಮಾಡಿಸಿಕೊಂಡೆ, ದಪ್ಪಗಾದೆ, ಕಿವಿಯ ಹತ್ತಿರ ಕೂದಲು ಬೆಳ್ಳಗಾಯಿತು. ಕನ್ನಡಕದ ವಿಷಯ ಬರೆದೆ, ಊಹಿಸಲು ಆಗಲಿಲ್ಲ ಅಂದೆ. ಹೇಗೆ ಆದೀತು? ನಿನಗೆ ಇವಳಿದ್ದಳು. ಇವಳು ಹಾಸ್ಟೆಲಿನ ಮಾಳಿಗೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ, ಮದುವೆಯಾಗಲಿಲ್ಲ, ಫೋನ್ ಎತ್ತದೆ ಕೂರಲಿಲ್ಲ. ಇಷ್ಟು ದಿನ ಪಟ್ಟ ಹೊಟ್ಟೆಕಿಚ್ಚೆಲ್ಲ ಸುಳ್ಳು ಅಂತ ಆಯಿತು, ಇದು ಸುಳ್ಳಲ್ಲ.

ಅದಕ್ಕೇ ಇಂಕ್ ಹಾಕಿದೆ. ನೀನು ಬರೆದ ಹಾಗಲ್ಲ. ಮಿಂಚುಳ್ಳಿಯಲ್ಲಿ ಮೊದಲ ಸಲ ನಿನ್ನ ಗೆರೆ ಬಿಟ್ಟು ಆಚೆ ಹೋಗಿದ್ದೇನೆ. ಕನ್ನಡಿಯನ್ನು ಮೇಜಿನ ಮೇಲಿಟ್ಟುಕೊಂಡು, ಎಡವನ್ನು ಬಲ ಮಾಡಿಕೊಂಡು, ದಪ್ಪ ಚೌಕಟ್ಟಿನ ಕನ್ನಡಕ ಹಾಕಿದ್ದೇನೆ. ಕೆನ್ನೆ ತುಂಬಿಸಿದ್ದೇನೆ. ಗದ್ದದ ಕೆಳಗೆ ಇನ್ನೊಂದು ಗೆರೆ ಎಳೆದಿದ್ದೇನೆ. ಓಲೆ ತೆಗೆದಿದ್ದೇನೆ. ಕೆರೆನುಂಗ ಕೊಕ್ಕು ಕಿತ್ತಾಗ ಬತ್ತಿದ ಕೆರೆಯ ನಡುವೆ ಕಾಣುವವಳು ಸಿಕಂದರಾಬಾದಿನ ಒಬ್ಬ ಗೃಹಿಣಿ, ಕನ್ನಡಕದ ಮೇಲಿನಿಂದ ಅವನನ್ನು ನೋಡುತ್ತಿದ್ದಾಳೆ, ತುಟಿ ಒಂದು ಕಡೆ ಎತ್ತಿ. ಗೋಪಿನಾಥ ಸಾರ್ ಏನಾದರೂ ಅನ್ನಲಿ. ಮಕ್ಕಳು ಬೆಚ್ಚಿಬೀಳಬೇಕೆಂದು ಅವರೇ ಹೇಳಿದ್ದು.

ನಿನ್ನ ಹುಡುಗಿಯನ್ನು ನಾನು ಅಳಿಸಿಲ್ಲ. ಕೆಳಗೆ ನೀಲಿಯಲ್ಲಿ ಹಾಗೇ ಇದ್ದಾಳೆ. ಸ್ಕ್ಯಾನರಿಗೆ ಅವಳು ಕಾಣುವುದಿಲ್ಲ. ಅಚ್ಚಾಗುವವಳು ನಾನು.

ಮುಖ ಸರಿಯಾಗಿ ಬಂದಿದೆಯೋ ಇಲ್ಲವೋ ನನಗೆ ತಿಳಿಯದು. ನಿಜವಾದದ್ದನ್ನು ಎದುರಿಗೆ ಕೂತು ನೋಡಿದವರೇ ಹೇಳಬೇಕು. ಎಳ್ಳು ಬೆಲ್ಲ ತುಂಬಿ ಡಬ್ಬಿ ಕಳಿಸಿದ್ದೇನೆ. ಈ ಸಲ ಅದನ್ನು ಮಲ್ಲಣ್ಣನ ಕೈಲಿ ವಾಪಸ್ ಕಳಿಸಬೇಡ, ನೀನೇ ತಂದುಕೊಡು.

ಕನ್ನಡಕದವಳು,
ರೇಣು